ಚಾಪೆಯಡಿಯ ಹೂವು

ಈ ಕೊಲ್ಲಿ ದೇಶದಲ್ಲಿರುವ ನಮ್ಮ ಕರಾವಳಿ ಸಂಘದವರಿಗೆ ಹೂವೆಂದರೆ ಮಂಗಳೂರಿನಿಂದ ವಿಮಾನದಲ್ಲಿ ಬರುವ ಮಲ್ಲಿಗೆ ಒಂದೇ. ಪ್ರಕೃತಿ ನಡಿಗೆ ಎಂದು ಬಸ್ಸು ಮಾಡಿ ಮರುಭೂಮಿಗೆ ಹೊರಟ ದಿನವೂ ಹೆಂಗಸರೆಲ್ಲ ಅದನ್ನೇ ಮುಡಿದು ಬಂದಿದ್ದರು. ಜೊತೆಗೆ ಮೈಕು, ಬ್ಯಾನರು, ಕೋಳಿ ಸುಕ್ಕದ ಡಬ್ಬಿಗಳು. ಪ್ರಕೃತಿ ಹೆದರಿ ಓಡಿಹೋಗದಿದ್ದುದೇ ಹೆಚ್ಚು.

ನಾನು ಹೋದದ್ದು ಗಂಡನಿಗಾಗಿ. ಮೀನಾ ಅಲ್ ಅಹ್ಮದಿಯ ತೈಲ ರಿಫೈನರಿಯಲ್ಲಿ ಇವರ ಕೆಲಸ ಮುಗಿದಿತ್ತು. ಮುಂದಿನ ತಿಂಗಳು ನಾವಿಬ್ಬರೂ ಕಾಯಂ ಆಗಿ ಊರಿಗೆ. ರಜೆಗೆ ಹೋದಾಗಲೆಲ್ಲ ನೆಂಟರು, "ಅಲ್ಲಿ ನೋಡ್ಲಿಕ್ಕೆ ಎಂತ ಉಂಟು?" ಎಂದು ಕೇಳುತ್ತಿದ್ದರು. ಇವರು ನಗುತ್ತ, "ಪೈಪು, ಮರಳು" ಎನ್ನುತ್ತಿದ್ದರು. ಆ ನಗುವಿನಲ್ಲಿ ಎಷ್ಟು ನಾಚಿಕೆಯಿತ್ತೆಂದು ನನಗೆ ಗೊತ್ತು. ಇಷ್ಟು ವರ್ಷ ದುಡಿದ ನೆಲದಲ್ಲಿ ಚಂದದ್ದೊಂದನ್ನು ಕಣ್ಣಾರೆ ನೋಡಿಯೇ ಹೋಗಬೇಕೆಂದು ಹಟ ಹಿಡಿದಿದ್ದರು.

ಬಸ್ಸಿಳಿದವರು ಸುತ್ತ ನೋಡಿ ಮೂಗು ಮುರಿದರು. "ಇದೆಂತದು ಮಾರಾಯ್ರೆ, ಒಂದು ಹೂವೂ ಇಲ್ಲ." ಆಗಿನ್ನೂ ಜನವರಿ, ಮರುಭೂಮಿಯಲ್ಲಿ ಹೂ ತುಂಬುವ ಕಾಲ ಬಂದಿರಲಿಲ್ಲ. ಹೂವೇ ಎದ್ದುಬಂದು ಅವರಿಗೆ ನಮಸ್ಕಾರ ಹೇಳಬೇಕಿತ್ತೋ ಏನೋ. ಕೊನೆಗೆ ಬಸ್ಸಿನ ಜೊತೆಗೇ ಸೆಲ್ಫಿ ತೆಗೆದುಕೊಂಡರು.

ಇವರು ಮಾತ್ರ ತಲೆ ತಗ್ಗಿಸಿ ನಡೆದು ಒಂದು ತಗ್ಗಿನಲ್ಲಿ ಮೊಣಕಾಲೂರಿದರು, ನನ್ನನ್ನೂ ಕರೆದರು. ಮಳೆನೀರು ನಿಂತು ಆರಿದ ಜಾಗ. ಮಂಕು ಹಸಿರಿನ ನಡುವೆ ತಿಳಿನೇರಳೆ ಹೂಗಳು, ಒಂದೊಂದಕ್ಕೂ ನಾಲ್ಕೇ ಎಸಳು. ಇಲ್ಲಿನವರು ಖುಜಾಮಾ ಎನ್ನುತ್ತಾರೆ. ಪರಿಮಳ ಬೇಕಾದರೆ ಮೂಗನ್ನು ನೆಲಕ್ಕೇ ತಾಗಿಸಬೇಕು. ತಾಗಿಸಿದೆ. ಮಲ್ಲಿಗೆಯ ಊರಿನವಳಿಗೆ ಏಳಲು ಮನಸ್ಸೇ ಬರಲಿಲ್ಲ.

ಫೋಟೊ ತೆಗೆಯೋಣವೆಂದು ಬಸ್ಸಿನಲ್ಲಿ ಬಿಟ್ಟಿದ್ದ ಫೋನು ತರಲು ಹೋದೆವು. ಬರುವಷ್ಟರಲ್ಲಿ ಸಂಘದ ಅಧ್ಯಕ್ಷೆ ಆ ತಗ್ಗಿನ ಮೇಲೆಯೇ ಚಾಪೆ ಹಾಸಿ ಊಟ ಬಡಿಸುತ್ತಿದ್ದರು. ಹಸಿರು ಕಂಡಲ್ಲಿ ಕೂರುವುದು ಕರಾವಳಿಯವರ ಅಭ್ಯಾಸ. ಊರಿನ ಹುಲ್ಲು ಎಷ್ಟು ತುಳಿದರೂ ಮರುದಿನ ಎದ್ದು ನಿಲ್ಲುತ್ತದಲ್ಲ, ಇಲ್ಲಿಯೂ ಹಾಗೆಯೇ ಎಂದುಕೊಂಡಿರಬೇಕು.

"ಚಾಪೆ ಸ್ವಲ್ಪ ಆಚೆ ಹಾಕಬಹುದಾ ಅಕ್ಕ? ಅಡಿಯಲ್ಲಿ ಹೂವು ಉಂಟು" ಎಂದರು ಇವರು. ಯಾರ ಹತ್ತಿರವೂ ಏನನ್ನೂ ಕೇಳಿದ ಮನುಷ್ಯನಲ್ಲ.

"ಹೂವಾ? ಈ ಕಳೆಯಾ?" ಆಕೆ ಚಾಪೆಯ ಅಂಚು ಎತ್ತಿ, ಜಜ್ಜಿಹೋಗಿದ್ದ ಗಿಡಗಳನ್ನು ಒಂದು ಹಿಡಿ ಕಿತ್ತು ಇವರ ಕೈಯಲ್ಲಿಟ್ಟರು. "ತಕ್ಕೊಳ್ಳಿ, ಊರಿಗೇ ಕೊಂಡೋಗಿ. ಈಗ ಕೈ ತೊಳ್ದು ಊಟಕ್ಕೆ ಬನ್ನಿ."

ಎಲ್ಲರೂ ನಕ್ಕರು. ಇವರು ಥ್ಯಾಂಕ್ಸ್ ಬೇರೆ ಹೇಳಿದರು. ನಾನು ಊಟ ಮುಟ್ಟಲಿಲ್ಲ. ಆಮೇಲೆ ಆಕೆ ಮೈಕು ಹಿಡಿದು ಪ್ರಕೃತಿಯನ್ನು ಪ್ರೀತಿಸುವ ಬಗ್ಗೆ ಭಾಷಣ ಮಾಡಿದರು.

ಮಹಬೂಲಾದಲ್ಲಿ ನಮ್ಮ ಫ್ಲ್ಯಾಟಿನ ಎದುರು ಇಳಿದಾಗ ಇವರು ಮುಷ್ಟಿ ಬಿಚ್ಚಿದರು. ಹುಣಸೆ ನಾರಿನ ಹಾಗೆ ಏನೋ ಮುದ್ದೆಯಾಗಿತ್ತು.

"ಫೋಟೊನೂ ಇಲ್ಲ. ಊರಲ್ಲಿ ಹೇಳಿದ್ರೆ ಯಾರು ನಂಬ್ತಾರೆ?"

"ನಂಬದಿದ್ರೆ ನನ್ನನ್ನು ಕರೀರಿ" ಎಂದೆ. "ನಾನೂ ನೋಡಿದ್ದೇನೆ."