ಅಪ್ಪನ ಲಾರಿಗೆ ನನ್ನ ನಂಬರು

ಅಪ್ಪನ ಲಾರಿಯ ಟ್ಯಾಕ್ಸ್ ಕಟ್ಟಿಸುವ ಕೆಲಸ ಹನ್ನೊಂದು ವರ್ಷ ನನ್ನದಾಗಿತ್ತು. ಮೂರು ತಿಂಗಳಿಗೊಮ್ಮೆ ನಾನು ರಜೆ ಹಾಕುತ್ತಿದ್ದೆ, ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಡುತ್ತಿದ್ದ, ಇಬ್ಬರೂ ಬ್ಯಾಡಗಿಯಿಂದ ಬಸ್ಸು ಹಿಡಿದು ಹಾವೇರಿಯ ಆರ್‌ಟಿಓ ಆಫೀಸಿಗೆ ಹೋಗುತ್ತಿದ್ದೆವು. ನಾನು ರಾಣೇಬೆನ್ನೂರಿನ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ಗಂಡನ ಮನೆಯೂ ಬ್ಯಾಡಗಿಯಲ್ಲೇ, ತವರಿನಿಂದ ಎರಡು ಓಣಿ ದಾಟಿದರೆ ಸಾಕು. ಅವ್ವ ತೀರಿಕೊಂಡ ಮೇಲೆ ಅಪ್ಪನ ಕಾಗದಪತ್ರಗಳೆಲ್ಲ ತಾವಾಗಿಯೇ ನನ್ನ ಕೈಗೆ ಬಂದವು. ತಮ್ಮನಿಗೆ ಲಾರಿ ಓಡಿಸುವುದು ಗೊತ್ತು, ಅರ್ಜಿ ತುಂಬುವುದು ಗೊತ್ತಿಲ್ಲ.

ಆ ಕೆಲಸ ನನಗೆ ಬೇಕಾಗಿತ್ತು. ಅದರ ಕಾರಣ ಆಗ ನಾನು ಯಾರಿಗೂ ಹೇಳಿರಲಿಲ್ಲ. ಅಪ್ಪ ಮನೆಯಲ್ಲಿ ಮಾತಾಡುವವನಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದ, ಉಂಡು ಎದ್ದು ಹೋಗುತ್ತಿದ್ದ. ಆದರೆ ಆ ಬಸ್ಸು ಮೋಟೆಬೆನ್ನೂರು ದಾಟಿ ಹೈವೇಗೆ ಬಿದ್ದ ಕೂಡಲೇ ಅವನ ಬಾಯಿ ಬಿಚ್ಚುತ್ತಿತ್ತು. ಹೈವೇ ಅವನ ಊರಿನ ಹಾಗೆ. ಯಾವ ತಿರುವಿನಲ್ಲಿ ಯಾವ ಕಾಲದಲ್ಲಿ ಟೈರು ಒಡೆದಿತ್ತು, ಯಾವ ಢಾಬಾದವ ರೊಟ್ಟಿಗೆ ದುಡ್ಡು ತಗೊಳ್ಳದೆ ಕಳಿಸಿದ್ದ ಎಂದು ಹೇಳುತ್ತ ಹೋಗುತ್ತಿದ್ದ. ಹೆಣ್ಣು ನೋಡಲು ಹೋದಾಗ ಅವ್ವನ ಅಪ್ಪ, "ನಿನ್ನ ಮನಿ ಎಲ್ಲೈತಿ?" ಎಂದು ಕೇಳಿದರಂತೆ. ಅಪ್ಪ ಹೊರಗೆ ನಿಲ್ಲಿಸಿದ್ದ ಮಾಲೀಕನ ಲಾರಿಯ ಕ್ಯಾಬಿನ್ ತೋರಿಸಿದನಂತೆ. ಅದನ್ನು ಅವನು ನನಗೆ ಹೇಳಿದ್ದು ಆರ್‌ಟಿಓ ಆಫೀಸಿನ ವರಾಂಡದಲ್ಲಿ, ಪಾಳಿಗೆ ಕಾಯುತ್ತ ಕುಳಿತಾಗ. ತಮ್ಮನಿಗೆ ಇವತ್ತಿಗೂ ಆ ಸಂಗತಿ ಗೊತ್ತಿಲ್ಲ. ನಾನು ಹೇಳಿಲ್ಲ.

ಕಾಗದದ ದಾಖಲೆಗಳೆಲ್ಲ ಕಂಪ್ಯೂಟರಿಗೆ ಹೋದ ಕಾಲಕ್ಕೆ ಅಲ್ಲಿನ ಗುಮಾಸ್ತರು ಲಾರಿಯ ಲೆಕ್ಕಕ್ಕೆ ಒಂದು ಮೊಬೈಲ್ ನಂಬರ್ ಬೇಕೆಂದರು. ಅಪ್ಪನ ಹತ್ತಿರ ಗುಂಡಿ ಒತ್ತುವ ಫೋನಿತ್ತು, ಮೆಸೇಜು ಓದಲು ಅವನಿಗೆ ಬರುತ್ತಿರಲಿಲ್ಲ. ಅವನು ನನ್ನ ಕಡೆ ಕೈ ತೋರಿಸಿ, "ಈಕಿದ ಹಾಕ್ರಿ, ನಮ್ದೆಲ್ಲಾ ಈಕಿನ ನೋಡ್ತಾಳ" ಎಂದ. ನಾನು ನಂಬರ್ ಹೇಳುವಾಗ ಸುಮ್ಮನೆ ಬೇಕಾದ್ದಕ್ಕಿಂತ ಗಟ್ಟಿಯಾಗಿ ಹೇಳಿದೆನೆಂದು ನೆನಪು.

ಮೂರು ವರ್ಷದ ಕೆಳಗೆ ತಮ್ಮನ ಮದುವೆಯಾಯಿತು. ಹುಡುಗಿ ಗುತ್ತಲದವಳು, ಬಿ.ಕಾಂ. ಓದಿದ್ದಳು, ಹಾವೇರಿಯಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿಯೊಂದರಲ್ಲಿ ಒಂದು ವರ್ಷ ಕೆಲಸ ಮಾಡಿದ್ದಳು. ಚುರುಕಿನ ಹುಡುಗಿ, ನಗುಮುಖ. ನಾನೇ ಮೆಚ್ಚಿ ಒಪ್ಪಿದ್ದೆ. ಮದುವೆಯಾದ ಎರಡನೆಯ ತಿಂಗಳು ನಾನು ತವರಿಗೆ ಹೋಗಿ, ಬರುವ ವಾರ ಟ್ಯಾಕ್ಸ್ ಕಟ್ಟಲು ಯಾವ ದಿನ ಹೋಗೋಣ ಎಂದು ಅಪ್ಪನನ್ನು ಕೇಳುತ್ತಿದ್ದೆ. ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕುಳಿತಿದ್ದ ಅವಳು ತಲೆಯೆತ್ತಿದಳು.

"ಮಾವಾರ, ಅದಕ್ಕ ಹಾವೇರಿತನ ಯಾಕ ಹೋಗ್ತೀರಿ? ಫೋನಿನ್ಯಾಗ ಕಟ್ಟಬಹುದಲ್ರಿ."

ಅದು ಹಾಗೆಲ್ಲ ಆಗುವುದಿಲ್ಲ, ಲಾರಿಯದು ಬೇರೆ ಲೆಕ್ಕ ಎಂದು ನಾನು ಹೇಳಿದೆ. ಅದು ಆಗುತ್ತದೆಂದು ನನಗೆ ಗೊತ್ತಿತ್ತು. ಎರಡು ವರ್ಷದಿಂದ ಗೊತ್ತಿತ್ತು. ಅವಳು ಕೈ ತೊಳೆದುಕೊಂಡು ಬಂದು, ಲಾರಿಯ ನಂಬರ್ ಹಾಕಿ, ನನ್ನ ಫೋನಿಗೆ ಬಂದ ಓಟಿಪಿ ಕೇಳಿ ಪಡೆದು, ಒಲೆಯ ಮೇಲಿನ ಚಹಾ ಕುದಿಯುವುದರೊಳಗೆ ಕೆಲಸ ಮುಗಿಸಿದಳು. ಅಪ್ಪ "ಆತಾ?" ಎಂದು ಕೇಳಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ "ಆತಾ?" ಎಂದ. ಸಂಜೆ ರಸೀದಿಯ ಪ್ರಿಂಟ್ ಹಿಡಿದುಕೊಂಡು ಎದುರುಮನೆಯವರಿಗೆ ತೋರಿಸಿ ಬಂದ. ಹನ್ನೊಂದು ವರ್ಷ ನಾನು ತಂದುಕೊಟ್ಟ ರಸೀದಿಗಳನ್ನು ಅವನು ಯಾರಿಗೂ ತೋರಿಸಿರಲಿಲ್ಲ, ಮಡಚಿ ಟ್ರಂಕಿಗೆ ಹಾಕುತ್ತಿದ್ದ.

ಆಮೇಲೆ ಒಂದೊಂದೇ ಕೆಲಸ ಅವಳ ಕಡೆ ಹೋಯಿತು. ವಿಮೆ, ಹೊಗೆ ತಪಾಸಣೆಯ ಸರ್ಟಿಫಿಕೇಟು, ಪರ್ಮಿಟ್ಟು. ಅವಳು ಕಸಿದುಕೊಳ್ಳಲಿಲ್ಲ, ನಾನು ಅದನ್ನು ಒಪ್ಪಬೇಕು. ಎದುರಿಗೆ ಬಿದ್ದ ಕೆಲಸ ಮಾಡಿದಳು, ಅಷ್ಟೆ. ಆದರೆ ಒಂದು ದಿನ ಅಪ್ಪ ಅವಳನ್ನು "ಯವ್ವಾ" ಎಂದು ಕರೆದದ್ದು ಕೇಳಿದೆ. ಅವ್ವ ಹೋದ ಮೇಲೆ ಅವನು ಹಾಗೆ ಕರೆಯುತ್ತಿದ್ದುದು ನನ್ನನ್ನು ಮಾತ್ರ. ನಾನು ಹೊಸಿಲಿನಲ್ಲಿ ಚಪ್ಪಲಿ ಬಿಡುತ್ತಿದ್ದೆ. ನನ್ನನ್ನೇ ಕರೆದನೆಂದು ತಿಳಿದು "ಏನಪಾ" ಎಂದುಬಿಟ್ಟೆ. ಒಳಗಿನಿಂದ ಅವಳೂ "ರೀ ಮಾವಾರ" ಎಂದಳು. ಅಪ್ಪ ನಕ್ಕ. ನನಗೆ ನಗು ಬರಲಿಲ್ಲ.

ಮನೆಗೆ ಬಂದು ಗಂಡನ ಮುಂದೆ ಅವಳ ಬಗ್ಗೆ ಹುಳುಕು ತೆಗೆಯುತ್ತಿದ್ದೆ. ಸಾರಿಗೆ ಹುಳಿ ಜಾಸ್ತಿ ಹಾಕುತ್ತಾಳೆ, ಫೋನ್ ಕೈಯಿಂದ ಕೆಳಗಿಡುವುದಿಲ್ಲ, ಹೀಗೆ. ಅವರು ಪೇಪರಿನಿಂದ ಕಣ್ಣೆತ್ತದೆ, "ನಿನಗ ಆಕಿ ಮ್ಯಾಲ ಹೊಟ್ಟಿಕಿಚ್ಚು" ಎಂದರು. ಎರಡು ದಿನ ಅವರ ಜೊತೆ ಮಾತು ಬಿಟ್ಟೆ.

ನನ್ನ ಹತ್ತಿರ ಉಳಿದದ್ದು ಆ ಓಟಿಪಿ ಒಂದೇ. ದಾಖಲೆಯಲ್ಲಿ ಇನ್ನೂ ನನ್ನ ನಂಬರೇ ಇತ್ತು. ಮೂರು ತಿಂಗಳಿಗೊಮ್ಮೆ ಅವಳು ಫೋನ್ ಮಾಡಿ, "ಅಕ್ಕಾರ, ಒಂದು ಓಟಿಪಿ ಬರ್ತೈತ್ರಿ, ಹೇಳ್ರಿ" ಎನ್ನುತ್ತಿದ್ದಳು. ನಾನು ಅಂಕಿಗಳನ್ನು ಒಂದೊಂದಾಗಿ, ನಿಧಾನವಾಗಿ ಹೇಳುತ್ತಿದ್ದೆ.

ಕಳೆದ ವರ್ಷ ಚಳಿಗಾಲ ಮುಗಿಯುತ್ತ ಬಂದು ಮಾರುಕಟ್ಟೆಗೆ ಮೆಣಸಿನಕಾಯಿ ಸುರಿಯುತ್ತಿದ್ದ ದಿನಗಳು. ನಾನು ಲೈಬ್ರರಿಯಲ್ಲಿ ಪುಸ್ತಕಗಳಿಗೆ ಚೀಟಿ ಅಂಟಿಸುತ್ತಿದ್ದೆ. ಅವಳ ಫೋನ್ ಬಂತು, ಓಟಿಪಿ ಕಳಿಸಿದ್ದೇನೆ ಎಂದಳು. ಮಾತಾಡುತ್ತಿರುವಾಗಲೇ ಫೋನ್ ಗುಂಯ್ ಎಂದಿತು. ಪರದೆಯ ಮೇಲೆ ಅಂಕಿಗಳು ಕಾಣುತ್ತಿದ್ದವು. ನಾನು "ಇನ್ನೂ ಬಂದಿಲ್ಲ" ಎಂದೆ. ಅವಳು ಮತ್ತೆ ಕಳಿಸಿದಳು, ಮತ್ತೆ ಬಂತು. "ಇಲ್ಲಿ ನೆಟ್‌ವರ್ಕ್ ಸರಿ ಇಲ್ಲ" ಎಂದೆ. ಮರುದಿನ ಅವಳು ಫೋನ್ ಮಾಡಿದಾಗ ಎತ್ತಲೇ ಇಲ್ಲ. ಮೂರನೆಯ ದಿನವೂ ಬರಲಿಲ್ಲವೆಂದೇ ಹೇಳಿದೆ. ಅವಳು "ಆತ್ರಿ ಅಕ್ಕಾರ" ಎಂದು ಫೋನ್ ಇಟ್ಟಳು.

ಲಾರಿಗೆ ತೊಂದರೆಯಾಗಲಿ ಎಂಬ ಆಸೆ ನನಗಿರಲಿಲ್ಲ. ನನಗೆ ಬೇಕಾಗಿದ್ದುದು ಒಂದು ದಿನ, ಹಾವೇರಿಯ ಒಂದು ದಿನ. ಆ ಸಂಜೆಯೇ ಅಪ್ಪನ ಹತ್ತಿರ ಹೋಗಿ, ಈ ಸಲ ಫೋನಿನಲ್ಲಿ ಆಗುತ್ತಿಲ್ಲ, ಸೋಮವಾರ ನಾವಿಬ್ಬರೂ ಹೋಗಿ ಕಟ್ಟಿ ಬರೋಣ ಎಂದೆ. ಗಡುವು ಇವತ್ತಿಗೇ ಮುಗಿಯುತ್ತದಲ್ಲ ಎಂದು ಅವನು ಕೇಳಿದ. ಒಂದೆರಡು ದಿನಕ್ಕೆ ಏನೂ ಆಗುವುದಿಲ್ಲ ಎಂದೆ. ಹನ್ನೊಂದು ವರ್ಷ ಆ ಕೆಲಸ ಮಾಡಿದವಳ ಮಾತು. ಅಪ್ಪ ನಂಬಿದ.

ಶುಕ್ರವಾರ ಬೆಳಿಗ್ಗೆ ಹುಬ್ಬಳ್ಳಿಗೆ ಮೆಣಸಿನಕಾಯಿ ಲೋಡು ಸಿಕ್ಕಿತು. ತಮ್ಮ ಓಡಿಸುತ್ತಿದ್ದ, ಖಾಲಿ ಕೂರುವುದು ಬೇಸರವೆಂದು ಅಪ್ಪನೂ ಹತ್ತಿಕೊಂಡಿದ್ದ. ಹೈವೇಯಲ್ಲಿ ಆರ್‌ಟಿಓದವರ ತಪಾಸಣೆ ನಡೆದಿತ್ತು. ಲಾರಿಯ ನಂಬರ್ ಹೊಡೆದು ನೋಡಿದರು, ಟ್ಯಾಕ್ಸಿನ ಅವಧಿ ಮುಗಿದಿತ್ತು. ಲೋಡಿನ ಸಮೇತ ಹಾವೇರಿಯ ಆಫೀಸಿನ ಅಂಗಳಕ್ಕೆ ತಂದು ನಿಲ್ಲಿಸಿದರು.

ತಮ್ಮ ಮೊದಲು ಫೋನ್ ಮಾಡಿದ್ದು ಹೆಂಡತಿಗೆ. ಬಾಯಿಗೆ ಬಂದ ಹಾಗೆ ಬೈದನಂತೆ. ಅಪ್ಪನೂ ಫೋನ್ ಇಸಿದುಕೊಂಡು, ಆಗದಿದ್ದರೆ ಆಗುವುದಿಲ್ಲವೆಂದು ಮೊದಲ ದಿನವೇ ತನಗೆ ಹೇಳಬೇಕಿತ್ತು, ಕಲಿತವರು ಹೀಗೆ ಮಾಡಿದರೆ ಹೇಗೆ ಎಂದನಂತೆ. ಅವಳು ಕಾಗದಗಳನ್ನು ಚೀಲಕ್ಕೆ ತುಂಬಿಕೊಂಡು ನನಗೆ ಫೋನ್ ಮಾಡಿದಳು. ನಾನು ರಾಣೇಬೆನ್ನೂರಿನಿಂದ, ಅವಳು ಬ್ಯಾಡಗಿಯಿಂದ, ಇಬ್ಬರೂ ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ಕೂಡಿಕೊಂಡೆವು. ಆಟೋದಲ್ಲಿ ಅವಳು ಚೀಲದ ಕಾಗದಗಳನ್ನು ಮತ್ತೊಮ್ಮೆ ತೆಗೆದು ನೋಡಿದಳು. ಅತ್ತಿದ್ದಳೆಂದು ಕಣ್ಣು ಹೇಳುತ್ತಿದ್ದವು.

ಅಂಗಳದಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಲಾರಿಯ ಪಕ್ಕದಲ್ಲಿ ಒಂದು ಗೇಣಿನಷ್ಟು ನೆರಳು. ಅಪ್ಪ ಅದರಲ್ಲಿ ಗೋಣಿಚೀಲ ಮಡಚಿ ಹಾಕಿಕೊಂಡು ಕುಳಿತಿದ್ದ. ಕಾಲು ಬಿಸಿಲಿನಲ್ಲಿದ್ದವು. ಮೇಲಿನಿಂದ ಮೆಣಸಿನಕಾಯಿಯ ಘಾಟು ಇಳಿಯುತ್ತಿತ್ತು, ಅವನು ಮೇಲಿಂದ ಮೇಲೆ ಸೀನುತ್ತಿದ್ದ. ಎಪ್ಪತ್ತು ದಾಟಿದವನು. ನಲವತ್ತೈದು ವರ್ಷ ಲಾರಿಯ ಜೊತೆ ಇದ್ದವನು, ಒಮ್ಮೆಯೂ ಅವನ ಗಾಡಿಯನ್ನು ಹೀಗೆ ಹಿಡಿದು ನಿಲ್ಲಿಸಿರಲಿಲ್ಲ. ಹಾದುಹೋಗುವ ಡ್ರೈವರುಗಳು ಅವನನ್ನು ನೋಡಿದಾಗಲೆಲ್ಲ ಅವನು ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದ.

ಅವಳು ಒಳಗೆ ಹೋಗಿ ವಿಚಾರಿಸಿಕೊಂಡು ಬಂದಳು. ದಂಡ ಸೇರಿಸಿ ಫೋನಿನಲ್ಲೇ ಕಟ್ಟಿ ರಸೀದಿ ತೋರಿಸಿದರೆ ಗಾಡಿ ಬಿಡುತ್ತಾರೆಂದಳು. ಅಲ್ಲೇ ಲಾರಿಯ ಮಗ್ಗುಲಲ್ಲಿ ನಿಂತು ವಿವರ ತುಂಬಿದಳು. ಅಪ್ಪ, ತಮ್ಮ, ನಾನು ಸುತ್ತ ನಿಂತಿದ್ದೆವು.

"ಅಕ್ಕಾರ, ಓಟಿಪಿ."

ಅವಳ ಮಾತು ಮುಗಿಯುವುದರೊಳಗೆ ನನ್ನ ಕೈಯಲ್ಲಿದ್ದ ಫೋನ್ ಗುಂಯ್ ಎಂದಿತು. ಎಲ್ಲರಿಗೂ ಕೇಳಿಸಿತು. ನಾನು ಅಂಕಿ ಓದಿದೆ, ಅವಳು ಒತ್ತಿದಳು. ತಮ್ಮ ನನ್ನ ಫೋನನ್ನೇ ನೋಡುತ್ತಿದ್ದ.

"ಈಗ ಬಂತಲ್ಲ. ಮೂರು ದಿನ ಯಾಕ ಬರ್ಲಿಲ್ಲ?"

ನಾನು ಫೋನನ್ನು ಚೀಲಕ್ಕೆ ಹಾಕಿದೆ. ಅವಳು ಪರದೆಯಿಂದ ಕಣ್ಣು ತೆಗೆಯದೆ, "ಅವಾಗ ಸೈಟ್ ಬಂದ್ ಇತ್ತು. ನಂದ ತಪ್ಪು, ನಾ ನಿಮಗ ಸರಿಯಾಗಿ ಹೇಳ್ಲಿಲ್ಲ" ಎಂದಳು. ತಮ್ಮ ಅವಳಿಗೆ ಇನ್ನೊಂದು ಮಾತು ಬೈದ. ಅವಳು ಬೈಸಿಕೊಂಡಳು.

ಆ ಗಳಿಗೆಯಲ್ಲಿ ನನಗೆ ನಾಚಿಕೆಯಾಯಿತೆಂದು ಬರೆದರೆ ಅದು ಅರ್ಧ ಸತ್ಯ. ನಾಚಿಕೆಯ ಜೊತೆಗೆ ಇನ್ನೂ ಒಂದು ಉರಿ ಇತ್ತು. ಇಷ್ಟು ದೊಡ್ಡ ಮನಸ್ಸು ಇವಳಿಗೆ ಎಲ್ಲಿಂದ ಬಂತು, ನನಗೆ ಯಾಕೆ ಬರಲಿಲ್ಲ ಎಂದು.

ಲಾರಿ ಹುಬ್ಬಳ್ಳಿಯ ಕಡೆ ಹೋಯಿತು. ಅಪ್ಪ, ಅವಳು, ನಾನು ಬಸ್ಸಿನಲ್ಲಿ ಮರಳಿದೆವು. ಅಪ್ಪ ಮುಂದಿನ ಸೀಟಿನಲ್ಲಿ ಕುಳಿತು ನಿದ್ದೆ ಹೋದ. ಅವಳು ಕಿಟಕಿಯ ಕಡೆ ಮುಖ ಮಾಡಿ ಮೆಲ್ಲಗೆ ಹೇಳಿದಳು:

"ಓಟಿಪಿ ಹೋಗೇತಿ ಅಂತ ನನ್ನ ಕಡೆ ತೋರಸ್ತೈತ್ರಿ ಅಕ್ಕಾರ. ಮೊದಲನೇ ದಿನ ಫೋನಿನ್ಯಾಗ ಅದು ಬಂದ ಸಪ್ಪಳಾನೂ ಕೇಳಿಸಿತ್ತು. ನನಗ ಬೈಸಿಕೊಂಡು ಇರಾಕ ಆಗ್ತೈತಿ. ಆದ್ರ ಮಾವಾರು ಹಂಗ ಕುಂತಿದ್ದು ನೋಡಾಕ ಆಗ್ಲಿಲ್ಲ. ನಂಬರ್ ಬದಲಿ ಮಾಡಸೂಣ್ರಿ."

ಅವಳ ದನಿಯಲ್ಲಿ ಕ್ಷಮೆ ಇರಲಿಲ್ಲ, ಬೈಗುಳವೂ ಇರಲಿಲ್ಲ. ನಾನು "ಹ್ಞೂಂ" ಎಂದೆ. ಅಪ್ಪನಿಗೆ ನಾನೇ ಹೇಳುತ್ತೇನೆ ಎಂದೂ ಸೇರಿಸಿದೆ. ಅದು ನಿಮ್ಮಿಷ್ಟ ಎಂದಳು.

ಮರುದಿನ ಬೆಳಿಗ್ಗೆ ಹೋದಾಗ ಅಪ್ಪ ಪಡಸಾಲೆಯಲ್ಲಿ ಗಡ್ಡ ಕೆರೆದುಕೊಳ್ಳುತ್ತಿದ್ದ. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಮೆಸೇಜು ಬಂದದ್ದು, ಬಂದಿಲ್ಲವೆಂದದ್ದು, ಸೋಮವಾರದ ಆಸೆ. ಅವನು ಬ್ಲೇಡು ಕೆಳಗಿಟ್ಟ. ಅರ್ಧ ಮುಖದ ಮೇಲೆ ನೊರೆ ಹಾಗೇ ಇತ್ತು.

"ಹಾವೇರಿಗೆ ಹೋಗಬೇಕಿತ್ತಂದ್ರ ಹೋಗೂಣಂತ ಹೇಳಬೇಕಿತ್ತು" ಎಂದ. ಆಮೇಲೆ, "ತಪ್ಪಿಲ್ಲದಾಕಿಗೆ ಬೈಯೂ ಹಂಗ ಮಾಡಿದಿ ನನ್ನ" ಎಂದ.

ಮುಖವನ್ನೂ ಒರೆಸಿಕೊಳ್ಳದೆ ಎದ್ದು ಅಡಿಗೆಮನೆಯ ಬಾಗಿಲಿಗೆ ಹೋದ. ಅವಳು ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ನಿಂತಿತು. "ತಪ್ಪಾತವಾ, ನಿನಗ ಸುಮ್ಮಸುಮ್ಮನ ಅಂದೆ" ಎಂದ ಅಪ್ಪ. ಅವಳು ಏನೆಂದಳೋ ನನಗೆ ಕೇಳಿಸಲಿಲ್ಲ. ಅಪ್ಪ ತಪ್ಪಾಯಿತೆಂದು ಹೇಳಿದ್ದನ್ನು ನನ್ನ ಜನ್ಮದಲ್ಲಿ ನಾನು ಕೇಳಿರಲಿಲ್ಲ. ಅವ್ವನಿಗೂ ಹೇಳಿದವನಲ್ಲ. ಪಡಸಾಲೆಯಲ್ಲಿ ಒಬ್ಬಳೇ ನಿಂತು, ಆ ಮಾತು ಕೂಡ ಅವಳಿಗೇ ಹೋಯಿತಲ್ಲ ಎಂದುಕೊಂಡೆ. ನನ್ನ ತಪ್ಪಿನಿಂದಲೇ ಹೋಗಿತ್ತು.

ಮುಂದಿನ ವಾರ ಅವಳು ಅರ್ಜಿ ತುಂಬಿ ತಂದಳು, ಅಪ್ಪ ಸಹಿ ಮಾಡಿದ, ಲಾರಿಯ ದಾಖಲೆಯಲ್ಲಿ ನನ್ನ ನಂಬರ್ ಹೋಗಿ ಅವಳದು ಬಂತು. ತಮ್ಮನಿಗೆ ಅಪ್ಪನೇ ಏನೋ ಹೇಳಿದ. ತಮ್ಮ ಒಂದು ತಿಂಗಳು ನನ್ನ ಮನೆಯ ಮುಂದೆ ಹಾದರೂ ಒಳಗೆ ಬರಲಿಲ್ಲ. ಅಪ್ಪ ಎರಡು ತಿಂಗಳು ಬರಲಿಲ್ಲ. ಆಮೇಲೆ ಒಂದು ಭಾನುವಾರ ಬಂದು ಕಟ್ಟೆಯ ಮೇಲೆ ಕುಳಿತ. ಮೊಣಕಾಲು ನೋವೆಂದ. ಎಣ್ಣೆ ಕಾಸಿ ತಂದುಕೊಟ್ಟೆ. ಆವತ್ತು ಅಷ್ಟೇ ಮಾತು. ಈಗ ಹದಿನೈದು ದಿನಕ್ಕೊಮ್ಮೆಯಾದರೂ ಬರುತ್ತಾನೆ, ಮೊದಲಿಗಿಂತ ಸ್ವಲ್ಪ ಜಾಸ್ತಿಯೇ ಕೂರುತ್ತಾನೆ.

ಅವಳು ಇವತ್ತು ಓಣಿಯ ಇನ್ನೂ ನಾಲ್ಕಾರು ಗಾಡಿಗಳ ಟ್ಯಾಕ್ಸು, ಪರ್ಮಿಟ್ಟು ನೋಡಿಕೊಳ್ಳುತ್ತಾಳೆ. ಮನೆಯ ಮುಂದಿನ ಕೋಣೆಯಲ್ಲಿ ಒಂದು ಮೇಜು, ಒಂದು ಪ್ರಿಂಟರ್ ಇಟ್ಟುಕೊಂಡಿದ್ದಾಳೆ. ರಾಣೇಬೆನ್ನೂರಿನ ಬಸ್ಸಿನಲ್ಲಿ ಪರಿಚಯದವರು ಸಿಕ್ಕಾಗ, "ನಿಮ್ಮ ತಮ್ಮನ ಹೆಂಡತಿ ಭಾಳ ಶ್ಯಾಣ್ಯಾ ಅದಾಳ ನೋಡ್ರಿ" ಎನ್ನುತ್ತಾರೆ. ನಾನು "ಹೌದ್ರಿ" ಎನ್ನುತ್ತೇನೆ. ಆ ಮಾತು ಸುಳ್ಳಲ್ಲ. ಆದರೆ ಅದನ್ನು ಆಡುವ ಮೊದಲು ನನಗೆ ಇನ್ನೂ ಒಂದು ಸಲ ಉಸಿರು ಎಳೆದುಕೊಳ್ಳಬೇಕಾಗುತ್ತದೆ.