ಚೌಕಿಗೆ ಬಂದ ನೀರಿನ ಬಾಟಲಿ

ನಮ್ಮ ಕಡೆ ಯಕ್ಷಗಾನದ ವೇಷ ಕಟ್ಟುವ ದಿನ ಮಧ್ಯಾಹ್ನದ ಊಟದ ಮೇಲೆ ನೀರು ಕುಡಿಯುವ ಹಾಗಿಲ್ಲ. ಯಾರೂ ಎಲ್ಲೂ ಇದನ್ನು ಬರೆದಿಟ್ಟಿಲ್ಲ. ಆದರೆ ಚೌಕಿಗೆ, ಅಂದರೆ ರಂಗಸ್ಥಳದ ಹಿಂದೆ ಬಣ್ಣ ಹಚ್ಚಿ ವೇಷ ಕಟ್ಟುವ ಜಾಗಕ್ಕೆ, ಒಮ್ಮೆ ಕಾಲಿಟ್ಟವರಿಗೆಲ್ಲ ಗೊತ್ತಿರುತ್ತದೆ. ಕಾಲುಗಳ ನಡುವೆ ಹಾಯಿಸಿ ಬಿಗಿಯಾಗಿ ಕಸೆ ಸೀರೆ ಉಡಿಸಿ, ಮೇಲೆ ಪಟ್ಟಿ ಸುತ್ತಿ, ಎದೆಗೂ ಸೊಂಟಕ್ಕೂ ಆಭರಣ ಬಿಗಿದು ದಾರ ಎಳೆದು ಗಂಟು ಹಾಕಿದರೆ ಆಟ ಮುಗಿದು ವೇಷ ಕಳಚುವ ತನಕ ಮೂತ್ರಕ್ಕೆ ಹೋಗುವ ದಾರಿಯೇ ಇಲ್ಲ. ಹೋಗುವ ದಾರಿ ಇಲ್ಲ ಎಂದ ಮೇಲೆ ಕುಡಿಯುವುದು ಯಾಕೆ?

ನನ್ನ ಮಗಳಿಗೆ ಹತ್ತು ವರ್ಷ. ಮಕ್ಕಳ ಮೇಳ ಸೇರಿ ಎರಡು ವರ್ಷವಾಗಿತ್ತು. ಕೋಟದ ಬಸ್ ಸ್ಟಾಪಿನ ಹತ್ತಿರ ನನ್ನದೊಂದು ಹೊಲಿಗೆ ಅಂಗಡಿ ಇದೆ. ರವಿಕೆಯ ಅಳತೆ ಕೊಡಲು ಬಂದವರ ಹತ್ತಿರವೆಲ್ಲ ನಾನು ಕೊಚ್ಚಿಕೊಳ್ಳುತ್ತಿದ್ದೆ: ನನ್ನ ಮಗಳು ಆಟದ ದಿನ ಹನಿ ನೀರು ಕೇಳುವುದಿಲ್ಲ, ದೊಡ್ಡ ಕಲಾವಿದರ ಹಾಗೆಯೇ ಇರುತ್ತಾಳೆ ಎಂದು. ಈಗ ನೆನೆಸಿಕೊಂಡರೆ ನನ್ನ ಬಾಯಿಗೇ ನಾನು ಹೊಲಿಗೆ ಹಾಕಬೇಕಿತ್ತು ಅನ್ನಿಸುತ್ತದೆ.

ಮಕ್ಕಳಿಗೆ ವೇಷ ಕಟ್ಟುವವರು ಗುಲ್ವಾಡಿಯ ಒಬ್ಬ ಅಜ್ಜ. ಎಪ್ಪತ್ತು ದಾಟಿದೆ. ಹಿಂದೆ ತಾವೇ ವೇಷ ಹಾಕಿ ಕುಣಿದವರು, ಮೊಣಕಾಲು ಹೋದ ಮೇಲೆ ಕಟ್ಟಲು ನಿಂತವರು. ಹದಿನೆಂಟು ವರ್ಷ ಹೊಲಿಗೆ ಮಾಡಿದ ನನಗೆ ಅವರ ಕೈ ನೋಡುವುದೇ ಒಂದು ಸುಖ. ಅಳತೆಯ ಟೇಪಿಲ್ಲ, ಪಿನ್ನಿಲ್ಲ. ಬಾಯಲ್ಲಿ ದಾರದ ತುದಿ ಕಚ್ಚಿಕೊಂಡು ಮಗುವನ್ನು ಒಂದು ಸುತ್ತು ತಿರುಗಿಸಿದರೆ ನೆರಿಗೆಗಳು ತಾವಾಗಿಯೇ ಸಾಲಾಗಿ ಬಂದು ನಿಲ್ಲುತ್ತವೆ. ಆಮೇಲೆ ಆ ಮಗು ಎಷ್ಟೇ ಹಾರಲಿ, ಮಂಡಿ ಹಾಕಿ ಎಷ್ಟೇ ತಿರುಗಲಿ, ಒಂದು ಬೆರಳಿನಷ್ಟೂ ಸಡಿಲವಾಗುವುದಿಲ್ಲ. ಮಾತು ಕಡಿಮೆ. ಮಕ್ಕಳಿಗೆ ಅವರೆಂದರೆ ಭಯವಲ್ಲ, ಒಂದು ಬಗೆಯ ಸಂಕೋಚ.

ಮರವಂತೆಯಲ್ಲಿ ಆಟವಾದ ಮರುದಿನ ಬೆಳಿಗ್ಗೆ ಮಗಳು ಬಚ್ಚಲಿನ ಬಾಗಿಲಲ್ಲಿ ಮುದುಡಿ ಬಿದ್ದಿದ್ದಳು. ಸೊಂಟದ ಒಂದು ಬದಿಯಿಂದ ಕೆಳಹೊಟ್ಟೆಯ ತನಕ ನೋವು, ಎರಡು ಸಲ ವಾಂತಿ. ಮೂತ್ರ ನೋಡಿದರೆ ಹಾಲಿಲ್ಲದ ಕಡು ಚಹಾದ ಬಣ್ಣ. ಮುಖದ ಬಣ್ಣ ಹೊಟ್ಟೆಗೆ ಹೋಗಿರಬೇಕು ಎಂದು ಅತ್ತೆ ಹೇಳಿದರು. ಕೆಂಪು ಬಣ್ಣ ತುಟಿಗೂ ಹಚ್ಚುತ್ತಾರಲ್ಲ, ನನಗೂ ಅದೇ ಸರಿ ಅನ್ನಿಸಿತು. ಬಾಯಿ ತೊಳೆಸಿ ಮಜ್ಜಿಗೆ ಕುಡಿಸಿದ್ದೂ ಆಯಿತು. ಅದನ್ನೂ ಕಕ್ಕಿದಾಗ ರಿಕ್ಷಾ ಹಿಡಿದು ಬ್ರಹ್ಮಾವರದ ಆಸ್ಪತ್ರೆಗೆ ಓಡಿದೆವು.

ಸ್ಕ್ಯಾನ್ ಮಾಡಿದ ಮಕ್ಕಳ ಡಾಕ್ಟರಮ್ಮ ಪರದೆಯ ಮೇಲೆ ಒಂದು ಬಿಳಿ ಚುಕ್ಕೆ ತೋರಿಸಿದರು. ಮೂತ್ರಪಿಂಡದಿಂದ ಜಾರಿ ನಾಳದಲ್ಲಿ ಸಿಕ್ಕಿಕೊಂಡ ಕಲ್ಲು, ನಾಲ್ಕು ಮಿಲಿಮೀಟರ್. ಹತ್ತು ವರ್ಷದ ಮಗುವಿಗೆ ಕಲ್ಲಾ ಎಂದು ಕೇಳಿದೆ. ಮಕ್ಕಳಿಗೂ ಆಗುತ್ತದೆ, ಇಷ್ಟು ಸಣ್ಣದು ಹೆಚ್ಚಾಗಿ ತಾನೇ ಇಳಿದು ಹೋಗುತ್ತದೆ, ಕಾಯೋಣ ಎಂದರು. ನೋವಿಗೆ ಮದ್ದು ಕೊಟ್ಟರು, ನೀರು ಕುಡಿಸಿ ಎಂದರು, ಜ್ವರ ಬಂದರೆ ಅಥವಾ ಮೂತ್ರ ನಿಂತರೆ ಒಂದು ಗಳಿಗೆಯೂ ಕಾಯದೆ ಬನ್ನಿ ಎಂದರು. ಮೂತ್ರವನ್ನು ಚಹಾ ಸೋಸುವ ಜಾಲರಿಯಲ್ಲಿ ಸೋಸಿ ಕಲ್ಲು ಸಿಕ್ಕರೆ ತರಬೇಕಂತೆ.

ಮನೆಗೆ ಬಂದ ಮೇಲೆ ನಮ್ಮ ಪಾಂಡಿತ್ಯ ಶುರುವಾಯಿತು. ಬೆಳಿಗ್ಗೆ ಎದ್ದ ಕೂಡಲೇ ಬಾಳೆದಿಂಡಿನ ರಸ. ಹಾಲು, ಮೊಸರು ಬಂದ್, ಯಾಕೆಂದರೆ ಕಲ್ಲಾಗುವುದು ಸುಣ್ಣದಿಂದ ಎಂದು ಅತ್ತೆ ತೀರ್ಮಾನಿಸಿದ್ದರು. ಗಂಜಿಗೆ ಮಾತ್ರ ಎಂದಿನ ಹಾಗೆ ಒಣಮೀನಿನ ಚಟ್ನಿ, ಉಪ್ಪಿನಕಾಯಿ. ಐದನೇ ದಿನ ಜಾಲರಿಯಲ್ಲಿ ಟಣ್ ಎಂದು ಏನೋ ಬಿತ್ತು. ಎಳ್ಳಿನಷ್ಟೇ ಇದ್ದ ಕಂದು ಕಲ್ಲು. ಇಷ್ಟು ಸಣ್ಣದಕ್ಕೆ ನನ್ನ ಮಗು ಅಷ್ಟು ಒದ್ದಾಡಿತಾ ಎಂದು ನಾನು ಜಾಲರಿ ಹಿಡಿದುಕೊಂಡೇ ಅತ್ತುಬಿಟ್ಟೆ.

ಕಲ್ಲು ತೆಗೆದುಕೊಂಡು ಹೋದಾಗ ನನ್ನ ಪಥ್ಯದ ಪಟ್ಟಿ ಕೇಳಿ ಡಾಕ್ಟರಮ್ಮನ ಹುಬ್ಬು ಮೇಲೇರಿತು. ಹಾಲು, ಮೊಸರು ಊಟದ ಜೊತೆ ಇರಲೇಬೇಕು, ಬೆಳೆಯುವ ಮಗುವಿಗೆ ಅದನ್ನು ತಪ್ಪಿಸಿದರೆ ಕಲ್ಲು ಹೆಚ್ಚೇ ಆಗಬಹುದು. ಕಡಿಮೆ ಮಾಡಬೇಕಾದದ್ದು ಉಪ್ಪು. ಬಾಳೆದಿಂಡು ಪಲ್ಯಕ್ಕೆ ಒಳ್ಳೆಯದು, ಕಲ್ಲನ್ನೇನೂ ಕರಗಿಸುವುದಿಲ್ಲ. ಬೆಳಗಿನಿಂದ ಮಲಗುವ ತನಕ ಆಗಾಗ ನೀರು ಕುಡಿಯಬೇಕು, ಮೂತ್ರ ತಿಳಿಯಾಗಿದ್ದರೆ ಸಾಕಷ್ಟು ಕುಡಿದಿದ್ದಾಳೆ ಎಂದರ್ಥ. ಹೀಗೆ ಹೇಳಿ ಮುಗಿಸಿ, ನನ್ನನ್ನು ಬಿಟ್ಟು ಮಗಳ ಕಡೆ ತಿರುಗಿ, ನೀನು ದಿನಕ್ಕೆ ಎಷ್ಟು ಕುಡಿಯುತ್ತಿ ಎಂದು ಕೇಳಿದರು.

ಮಗಳು ನನ್ನ ಮುಖ ನೋಡಲಿಲ್ಲ. "ಆಟ ಇದ್ರೆ ಕುಡಿತಿಲ್ಲೆ. ಅಭ್ಯಾಸ ಆಯ್ಕ್ ಅಂದೇಳಿ ಬಾಕಿ ದಿನವೂ ಕಮ್ಮಿ ಕುಡಿತೆ," ಎಂದಳು. ಮತ್ತೆ, "ಕಟ್ಟಿರ್ ಮೇಲೆ ಒಂದಕ್ಕೆ ಬಂದ್ರೆ ಅಜ್ಜನ ಹತ್ರ ಹೇಳುಕೆ ನಾಚ್ಕಿ ಆತ್ತ್," ಎಂದಳು.

ನಾನು ಊರಿಗೆಲ್ಲ ಹೇಳಿಕೊಂಡು ಮೆರೆದದ್ದು ಇದನ್ನೇ. ಹೀಗೇ ನಡೆದರೆ ಮತ್ತೆ ಕಲ್ಲಾಗುವುದು ಖಂಡಿತ ಎಂದರು ಡಾಕ್ಟರಮ್ಮ. ವಾಪಸು ಬರುವಾಗ ಬಸ್ಸಿನಲ್ಲೇ ತೀರ್ಮಾನಿಸಿದೆ, ಇನ್ನು ಮೇಳವೂ ಬೇಡ, ಕುಣಿತವೂ ಬೇಡ. ಮಗಳು ಮನೆಗೆ ಬಂದು ಗೆಜ್ಜೆಯನ್ನು ಒಂದು ಬಟ್ಟೆಯಲ್ಲಿ ಸುತ್ತಿ ಕಪಾಟಿನ ತೀರಾ ಹಿಂದೆ ಇಟ್ಟಳು. ಆ ರಾತ್ರಿ ಊಟ ಮಾಡಲಿಲ್ಲ. ಅವಳು ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಮರುದಿನ ಸಿಟ್ಟನ್ನೆಲ್ಲ ಕಟ್ಟಿಕೊಂಡು ಗುಲ್ವಾಡಿಗೆ ಹೋದೆ. ಹೊಳೆ ಬದಿಯ ಮನೆಯ ಜಗಲಿಯಲ್ಲಿ ಅಜ್ಜ ಕಳಚಿದ ಮಣಿಗಳನ್ನು ದಾರಕ್ಕೆ ಪೋಣಿಸುತ್ತಿದ್ದರು. ನಾನು ಕುಳಿತುಕೊಳ್ಳಲೂ ಇಲ್ಲ. ನಿಮ್ಮ ಗಂಟಿನಿಂದ ನನ್ನ ಮಗಳ ಹೊಟ್ಟೆಯಲ್ಲಿ ಕಲ್ಲಾಯಿತು, ಮಕ್ಕಳನ್ನು ಮೂಟೆಯ ಹಾಗೆ ಬಿಗಿಯುತ್ತೀರಿ, ಅವರಿಗೂ ಒಂದು ಜೀವ ಇಲ್ಲವಾ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ನೀರು ಕುಡಿಯದ್ದನ್ನು ನಾನೇ ಹೊಗಳಿದ್ದೆ ಎಂಬುದನ್ನು ಮಾತ್ರ ಹೇಳಲಿಲ್ಲ.

ಅವರು ಮಣಿ ಕೆಳಗಿಟ್ಟರು. "ನಂಗೂ ಮೂರ್ ಸಲ ಕಲ್ಲ್ ಆಯಿತ್ತ್. ಅದ್ ವೇಷದೊಟ್ಟಿಗೆ ಬಪ್ಪುದ್ ಅಂತ್ಲೇ ತಿಳ್ಕಂಡಿದ್ದೆ," ಎಂದರು. ಆಮೇಲೆ, ಮಗಳಿಗೆ ಆಟದ ನಡುವೆ ಒಂದಕ್ಕೆ ಬಂದದ್ದುಂಟಾ, ಯಾಕೆ ಹೇಳಲಿಲ್ಲ ಎಂದು ಕೇಳಿದರು. ನಾಚಿಕೆ ಎಂದೆ. ಆ ಒಂದು ಮಾತಿಗೆ ಅವರು ನನ್ನ ಅಷ್ಟೂ ಬೈಗುಳಕ್ಕಿಂತ ಹೆಚ್ಚು ನೊಂದರು. ಕೆಳಗಿಟ್ಟ ಮಣಿಸರವನ್ನು ಎತ್ತಿ ಅದರ ಗಂಟನ್ನು ಉಗುರಿನಿಂದ ಮೀಟತೊಡಗಿದರು.

"ಇಪ್ಪತ್ತೈದ್ ವರ್ಷ ಕಟ್ಟುದ್ ಒಂದೇ ಕಲ್ತದ್," ಎಂದರು ಕೊನೆಗೆ. "ಬಿಚ್ಚುಕೆ ಕಲೀಲೇ ಇಲ್ಲೆ."

ಆ ವಾರವೇ ಅವರು ಕಸೆ ಸೀರೆಯ ಗಂಟು ಹೊತ್ತು ನನ್ನ ಅಂಗಡಿಗೆ ಬಂದರು. ಕೆಲಸ ಕಲಿಯಲು ಬಂದವರ ಹಾಗೆ ಬಾಗಿಲಲ್ಲೇ ನಿಂತು, ಒಳಗೆ ಬರಬಹುದಾ ಎಂದು ಕೇಳಿದರು. ಮಕ್ಕಳು ಆಟದ ನಡುವೆ ಹೋಗಿಬರಲು ಅವರ ಉಪಾಯ ಇದು: ಇಡೀ ಉದ್ದದ ಬಟ್ಟೆಯನ್ನು ಮೂರು ಭಾಗ ಮಾಡಿ, ಹಿಂದುಗಡೆ ಒಂದರ ಮೇಲೊಂದು ಬರುವ ಹಾಗೆ ಜೋಡಿಸಬೇಕು, ಒಂದೇ ದಾರ ಎಳೆದರೆ ಕೆಳಗಿನದಷ್ಟೇ ಬಿಡಬೇಕು, ಮೇಲಿನ ಆಭರಣ ಅಲುಗಬಾರದು. ಹೇಳುವುದು ಸುಲಭ. ವೆಲ್ಕ್ರೋ ಅಂಟುಪಟ್ಟಿ ಹೊಲಿಯೋಣ ಎಂದೆ. ಅದು ಚರ್ ಎಂದು ಸದ್ದು ಮಾಡುತ್ತದೆ, ವೇಷಕ್ಕೆ ಮರ್ಯಾದೆ ಅಲ್ಲ ಎಂದು ಒಪ್ಪಲಿಲ್ಲ. ನಾನು ಹೊಲಿದೆ, ಅವರು ಬಿಚ್ಚಿದರು. ಮತ್ತೆ ಹೊಲಿದೆ, ನೆರಿಗೆ ಸತ್ತುಹೋಯಿತು ಎಂದು ಮತ್ತೆ ಬಿಚ್ಚಿದರು. ಎರಡು ಸಲ ಜಗಳವೂ ಆಯಿತು. ಆ ವಯಸ್ಸಿನಲ್ಲಿ, ತನ್ನ ಕೈಗೆ ಇಡೀ ಸೀಮೆಯೇ ತಲೆದೂಗುವಾಗ, ತಾನು ಕಲಿತದ್ದನ್ನು ತಾನೇ ಬಿಚ್ಚಿ ಕೂರುವ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ. ಸಿಟ್ಟು ಮಾಡಿಕೊಂಡು ಹೋದ ನಾನು ಅವರ ಚಹಾಕ್ಕೆ ಎಷ್ಟು ಸಕ್ಕರೆ ಎಂದು ತಿಳಿದುಕೊಳ್ಳುವ ತನಕ ಬಂದೆ.

ಕೊನೆಗೆ ಒಂದು ಗಂಟು ಒಲಿಯಿತು. ಬಿಚ್ಚಿ ಮತ್ತೆ ಕಟ್ಟಲು ಐದೇ ನಿಮಿಷ. ಹೆಣ್ಣುಮಕ್ಕಳ ಹತ್ತಿರ ನೀನು ಇರಬೇಕು, ಅವರು ನಿನ್ನ ಹತ್ತಿರ ಹೇಳಿಯಾರು ಎಂದು ಅಜ್ಜ ನನಗೆ ಚೌಕಿಯ ಕೆಲಸ ಹಚ್ಚಿದರು. ನಾನು ಕಪಾಟಿನ ಹಿಂದಿನಿಂದ ಗೆಜ್ಜೆ ತೆಗೆದು ಮಗಳ ಮುಂದೆ ಇಟ್ಟೆ.

ಬೈಂದೂರಿನಲ್ಲಿ ಸಂಜೆಯ ಆಟ. ಚೌಕಿಯ ಬಣ್ಣದ ಪೆಟ್ಟಿಗೆಯ ಪಕ್ಕ ಮೊದಲ ಸಲ ನೀರಿನ ಬಾಟಲಿಗಳು ಸಾಲಾಗಿ ನಿಂತವು. ಮಗಳು ಮೊದಲ ಪ್ರವೇಶ ಮುಗಿಸಿ ಬೆವರಿಳಿಸಿಕೊಂಡು ಒಳಬಂದಳು. ನನ್ನ ಕಿವಿಯಲ್ಲಿ ಹೇಳಿದಳು. ಅಜ್ಜ ಗೋಡೆಯ ಕಡೆ ತಿರುಗಿ ನಿಂತರು, ನಾನು ದಾರ ಎಳೆದೆ, ಹೋಗಿ ಬಂದೆವು, ಅವರು ಮತ್ತೆ ಕಟ್ಟಿಕೊಟ್ಟರು. ಒಂದು ನೆರಿಗೆಯೂ ಕೆಡಲಿಲ್ಲ. ಮಗಳು ಬಾಟಲಿ ಎತ್ತಿಕೊಂಡವಳು ಕುಡಿಯದೆ ಅದನ್ನು ಅಜ್ಜನ ಮುಂದೆ ಹಿಡಿದಳು.

"ನೀವ್ ಕುಡ್ದ್ರೆ ಮಾತ್ರ ನಾ ಕುಡಿತೆ," ಎಂದಳು.

ಚೌಕಿಯಲ್ಲಿ ನಿಂತು ಅವರು ಯಾವತ್ತೂ ನೀರು ಕುಡಿದವರಲ್ಲ, ವೇಷ ಬಿಟ್ಟ ಮೇಲೂ ಆ ನೇಮ ಬಿಟ್ಟಿರಲಿಲ್ಲ. ಬಾಟಲಿಯನ್ನೂ ಮಗುವಿನ ಬಣ್ಣದ ಮುಖವನ್ನೂ ಒಮ್ಮೆ ನೋಡಿದರು. ತಲೆ ಮೇಲೆತ್ತಿ ಅರ್ಧ ಬಾಟಲಿ ಖಾಲಿ ಮಾಡಿದರು. ಉಳಿದದ್ದನ್ನು ಅವಳು ಕುಡಿದಳು, ಬಾಯಿ ಒರೆಸಿಕೊಂಡು ರಂಗಸ್ಥಳಕ್ಕೆ ಓಡಿದಳು. ನನ್ನ ಕಣ್ಣು ತುಂಬಿತ್ತು, ಅವಳ ಕುಣಿತ ಸರಿಯಾಗಿ ಕಾಣಲೇ ಇಲ್ಲ.

ಅರ್ಧ ಗಂಟೆ ಕಳೆದಿರಬೇಕು. ಅಜ್ಜ ಮಣೆಯಿಂದ ಎದ್ದು ಹೆಗಲಿನ ಟವೆಲು ಸರಿಮಾಡಿಕೊಂಡು ನನ್ನ ಹತ್ತಿರ ಬಂದರು.

"ಹೆಣ್ಣೆ, ಚೌಕಿ ಕಾಣ್ಕೋ," ಎಂದರು. "ನಾ ಒಂದಕ್ಕೆ ಹೋಯಿ ಬತ್ತೆ."