ವರ್ನಾ ಮಿಸ್ ಮನೆಯಲ್ಲಿ ಉಳಿದ ಕಾಲೇಜು

ನಮ್ಮೂರಿನ ಡೀಗನ್ ಬಿಸಿನೆಸ್ ಕಾಲೇಜು ಇದ್ದದ್ದು ಬೀಜದ ಅಂಗಡಿಯ ಮಹಡಿಯ ಮೂರು ಕೋಣೆಗಳಲ್ಲಿ. ನೆಬ್ರಾಸ್ಕಾದ ಮೆಕ್ಕೆಜೋಳದ ಹೊಲಗಳಿಂದ ಬಂದ ಹುಡುಗಿಯರು ಒಂಬತ್ತು ತಿಂಗಳು ಟೈಪಿಂಗ್, ಶೀಘ್ರಲಿಪಿ ಕಲಿತು ಓಮಾಹಾ ನಗರದ ವಿಮಾ ಕಚೇರಿಗಳನ್ನು ಸೇರುತ್ತಿದ್ದರು. ಮೂವತ್ತೊಂದು ವರ್ಷ ಅಲ್ಲಿ ಶೀಘ್ರಲಿಪಿ ಕಲಿಸಿದವರು ವರ್ನಾ ಹಾಲ್‌ಸ್ಟ್ರಮ್. ನಾನು ಅವರ ಶಿಷ್ಯೆ, ಆಮೇಲೆ ಪಕ್ಕದ ಮನೆಯವಳು.

ಹತ್ತಿರದ ಪಟ್ಟಣದಲ್ಲಿ ಸರ್ಕಾರಿ ಕಾಲೇಜು ತೆರೆದ ಮೇಲೆ ನಮ್ಮದಕ್ಕೆ ಬರುವವರು ಕಡಿಮೆಯಾದರು. ೧೯೭೨ರಲ್ಲಿ ಹೆಸರು ಕೊಟ್ಟವರು ಹನ್ನೊಂದೇ ಜನ. ಮಾಲೀಕ ಡೀಗನ್ ಬಾಗಿಲು ಹಾಕಿದರು. ಟೈಪ್‌ರೈಟರುಗಳು ಹರಾಜಾದವು. ವಿದ್ಯಾರ್ಥಿಗಳ ದಾಖಲೆಗಳು ಕಸದ ಗಾಡಿ ಏರುತ್ತಿದ್ದಾಗ ವರ್ನಾ ಬಂದರು.

"ಅದನ್ನ ಇಳಿಸಿ."

"ಕಾಲೇಜೇ ಇಲ್ವಲ್ಲ ವರ್ನಾ, ಇವು ಯಾರಿಗೆ ಬೇಕು?" ಎಂದರು ಡೀಗನ್.

"ಕಲಿತೋರು ಇನ್ನೂ ಬದುಕಿದಾರಲ್ಲ."

ದಾಖಲೆಗಳಿದ್ದ ನಾಲ್ಕು ಕಬ್ಬಿಣದ ಬೀರುಗಳು ವರ್ನಾ ಅವರ ಊಟದ ಕೋಣೆ ಸೇರಿದವು. ಹೊಸ ಕೆಲಸಕ್ಕೋ ಪಿಂಚಣಿಗೋ ಪ್ರಮಾಣಪತ್ರ ಬೇಕಾದವರು ಕಾಗದ ಬರೆಯುತ್ತಿದ್ದರು. ವರ್ನಾ ನಕಲು ಟೈಪ್ ಮಾಡಿ ಸಹಿ ಹಾಕಿ ಕಳಿಸುತ್ತಿದ್ದರು. ಆ ಅಧಿಕಾರವನ್ನು ಯಾರೂ ಕೊಟ್ಟಿರಲಿಲ್ಲ, ಯಾರೂ ಕೇಳಲೂ ಇಲ್ಲ.

೧೯೭೯ರ ಮಾರ್ಚಿನಲ್ಲಿ ಆರ್ಲಿಸ್ ಕುಬಿಚೆಕ್ ಬಂದಳು. ಹದಿನೈದು ವರ್ಷದ ಹಿಂದೆ, ಕೊನೆಯ ಪರೀಕ್ಷೆಗೆ ಮೂರು ವಾರವಿರುವಾಗ ಮದುವೆಯಾಗಿ ಕಾಲೇಜು ಬಿಟ್ಟವಳು. ಈಗ ಗಂಡ ತೀರಿಕೊಂಡಿದ್ದ. ನ್ಯಾಯಾಲಯದಲ್ಲಿ ಶೀಘ್ರಲಿಪಿಯ ಕೆಲಸ ಖಾಲಿಯಿತ್ತು, ಅದಕ್ಕೆ ಪ್ರಮಾಣಪತ್ರ ಬೇಕಿತ್ತು.

"ಒಂದು ಸಹಿ ಹಾಕ್ಬಿಡಿ ಮಿಸ್. ಮುಚ್ಚಿದ ಕಾಲೇಜು, ಯಾರು ಕೇಳ್ತಾರೆ?"

"ನಾನು ಕೇಳ್ತೀನಲ್ಲ. ಪೆನ್ಸಿಲ್ ತಂದಿದೀಯಾ?"

ವರ್ನಾ ನಿಮಿಷಕ್ಕೆ ನೂರು ಪದದಂತೆ ಓದಿ ಬರೆಸಿದರು. ಮೂವತ್ತನಾಲ್ಕು ತಪ್ಪು. ಆರ್ಲಿಸ್ ಅತ್ತಳು.

"ಕೈ ತುಕ್ಕು ಹಿಡಿದಿದೆ ಅಷ್ಟೆ. ಗುರುವಾರ ಬಾ. ಅಲ್ಲೀವರೆಗೆ ರೇಡಿಯೋ ವಾರ್ತೆ ಬರ್ಕೋ."

"ಇನ್ನೂ ಅದೇ ಕಲ್ಲುಮನಸ್ಸು ನಿಮ್ಮದು!"

"ನಿಂದೂ ಅದೇ ಸೋಮಾರಿತನ."

ಐದು ಗುರುವಾರ ಬೇಲಿಯಾಚೆಯಿಂದ ವರ್ನಾ ಅವರ ಏರಿಳಿತವಿಲ್ಲದ ದನಿ ನನಗೆ ಕೇಳಿಸಿತು. ಆರನೆಯ ಸಲ ಎರಡೇ ತಪ್ಪು. ವರ್ನಾ ಪ್ರಮಾಣಪತ್ರದ ಹಳೆಯ ನಮೂನೆಯೊಂದನ್ನು ತೆಗೆದು ಅಂದಿನ ದಿನಾಂಕವನ್ನೇ ಹಾಕಿದರು.

ನ್ಯಾಯಾಲಯದ ಗುಮಾಸ್ತ ಫೋನ್ ಮಾಡಿದ.

"ಏಳು ವರ್ಷದ ಹಿಂದೆ ಮುಚ್ಚಿದ ಕಾಲೇಜಲ್ವಾ ಇದು?"

"ಹೌದು."

"ಮತ್ತೆ ಪರೀಕ್ಷೆ?"

"ಮೊನ್ನೆ ಆಯ್ತು. ಅನುಮಾನ ಇದ್ರೆ ನೀವೇ ಹೇಳಿ ಬರೆಸಿ ನೋಡಿ."

ಆತ ಬರೆಸಿ ನೋಡಿದ. ಆರ್ಲಿಸ್‌ಗೆ ಕೆಲಸ ಸಿಕ್ಕಿತು; ಇಪ್ಪತ್ತೆರಡು ವರ್ಷ ಅಲ್ಲೇ ದುಡಿದಳು.

ವರ್ನಾ ೧೯೮೮ರಲ್ಲಿ ತೀರಿಕೊಂಡರು. ಬೀರುಗಳನ್ನು ರಾಜ್ಯದ ದಾಖಲೆ ಕಚೇರಿಯವರು ಲಾರಿಯಲ್ಲಿ ಒಯ್ದರು. ಅವು ನಿಂತಿದ್ದ ಕಡೆ ನೆಲಹಾಸಿನ ಬಣ್ಣ ಮಾಸಿರಲಿಲ್ಲ.